ಮೂರು ಬೆರಳಿನ ಕೊಸರು

ಬೆಳಗಿನ ಐದೂಮುಕ್ಕಾಲು. ಟಾಂಗನಿಕಾ ಸರೋವರದ ಮೇಲೆ ಇನ್ನೂ ಬೂದಿ ಬಣ್ಣದ ಬೆಳಕು. ದೀಪ ಹೊತ್ತಿಸಿ ಮೀನು ಹಿಡಿದು ಬಂದ ದೋಣಿಗಳು ಕಲೆಂಗೆ ದಂಡೆಗೆ ಒಂದೊಂದಾಗಿ ಮೂತಿ ತಾಗಿಸುತ್ತಿವೆ. ಮೊಣಕಾಲುದ್ದದ ನೀರಿನಲ್ಲಿ ನಿಂತ ಹೆಂಗಸೊಬ್ಬರು ಮೊದಲ ಬುಟ್ಟಿಯನ್ನು ಇಳಿಸಿಕೊಳ್ಳುತ್ತಾರೆ. ಆದರೆ ಅದನ್ನು ನೇರವಾಗಿ ದಂಡೆಗೆ ಒಯ್ಯುವುದಿಲ್ಲ. ಒಂದು ಮುಷ್ಟಿ ಮೀನು ತೆಗೆದು ಮೂಸುತ್ತಾರೆ. ಒಂದರ ಕಿವಿರನ್ನು ಉಗುರಿನಿಂದ ಎತ್ತಿ ನೋಡುತ್ತಾರೆ. ಆಮೇಲೆ ದೋಣಿಯವನತ್ತ ತಿರುಗುತ್ತಾರೆ.

"ಇದು ನಿನ್ನೆ ಸಂಜೆ ಬಲೆಗೆ ಬಿದ್ದಿದ್ದು."

"ಇಲ್ಲಕ್ಕಾ, ಈಗಿನ್ನೂ ಹಿಡಿದಿದ್ದು. ನಮ್ಮಮ್ಮನಾಣೆ."

"ನಿಮ್ಮಮ್ಮ ಪಾಪ ಮನೇಲಿ ಮಲಗಿದಾಳೆ, ಅವಳನ್ನ ಯಾಕೆ ನೀರಿಗೆ ಎಳೀತೀಯ? ಇದನ್ನ ಬೇರೆ ಬುಟ್ಟಿಗೆ ಸುರಿ."

ಅವನು ಗೊಣಗುತ್ತಲೇ ಸುರಿಯುತ್ತಾನೆ. ಇವರು ಸಿಕುಧಾನಿ. ವಯಸ್ಸು ಐವತ್ತೊಂದು, ಓದಿದ್ದು ಏಳನೆಯ ತರಗತಿ. ಕಿಗೋಮಾ ಪಟ್ಟಣದಿಂದ ಉಜಿಜಿ ದಾಟಿ ದಕ್ಷಿಣಕ್ಕೆ ಹೋದರೆ ಸಿಗುವ ಹದಿನೇಳು ದಂಡೆಗಳಲ್ಲಿ ಒಂಬತ್ತು ವರ್ಷಗಳಿಂದ ಇವರು ಹೆಂಗಸರಿಗೆ ಮೀನು ಒಣಗಿಸಿ ಮಾರುವ ಕಸುಬನ್ನು ಕಲಿಸುತ್ತಿದ್ದಾರೆ. ಅವರ ನೋಟ್‌ಬುಕ್ಕಿನಲ್ಲಿ ಈವರೆಗೆ ಆರುನೂರ ಹನ್ನೆರಡು ಹೆಸರುಗಳಿವೆ.

ದಂಡೆಯ ಮೇಲಿರುವ ಅವರ ಒಣಗುಮನೆಗೆ ನಾಲ್ಕೂ ಕಡೆ ಗೋಡೆಯಿಲ್ಲ. ಕಂಬಗಳ ಮೇಲೆ ಮಾಡು ಮಾತ್ರ. ಅದೂ ಸ್ವಲ್ಪ ತಗಡು, ಉಳಿದದ್ದು ತಾಳೆಗರಿ. ಪೂರ್ತಿ ಹೊಸ ತಗಡಿನದಾಗಬೇಕಿದ್ದ ಮಾಡು ಅದು. ಹೋದ ಆಗಸ್ಟಿನಲ್ಲಿ ಸಿಕುಧಾನಿ ಹನ್ನೆರಡು ಜನರ ಮುಂದೆ ಒಂದೇ ಒಂದು ವಾಕ್ಯ ಹೇಳಿದ್ದರೆ ಆಗುತ್ತಿತ್ತು. ಅವರು ಹೇಳಲಿಲ್ಲ.

ಇಲ್ಲಿಯ ಮೀನಿನ ಹೆಸರು ದಗಾ. ಕನ್ನಡದ ಕಿವಿಗೆ ಅದು ಮೋಸ ಎಂದು ಕೇಳಿಸಿದರೂ ಈ ದಂಡೆಯಲ್ಲಿ ದಗಾ ಎಂದರೆ ಬೆರಳುದ್ದದ ಬೆಳ್ಳಿ ಮೀನು. ಮರಗೆಣಸಿನ ಹಿಟ್ಟಿನ ಮುದ್ದೆಯೊಂದಿಗೆ, ತಾಳೆ ಎಣ್ಣೆಯಲ್ಲಿ ಬಾಡಿಸಿ ತಿನ್ನುವಂಥದ್ದು. ತಲೆಮಾರುಗಳಿಂದ ಹೆಂಗಸರು ಅದನ್ನು ಮರಳಿನ ಮೇಲೆಯೇ ಹರಡಿ ಒಣಗಿಸುತ್ತಿದ್ದರು. ಒಣಗಲು ಎರಡು ದಿನ ಬೇಕು. ಆಡು ಬಂದು ತುಳಿಯುತ್ತದೆ, ಕೋಳಿ ಹೆಕ್ಕುತ್ತದೆ, ಒಂದು ಮಳೆ ಬಿದ್ದರೆ ಮೂರರಲ್ಲೊಂದು ಪಾಲು ಕೊಳೆಯುತ್ತದೆ. ಸಿಕುಧಾನಿಯ ಪಾಠ ಶುರುವಾಗುವುದು ಇಲ್ಲಿಂದ, ಒಂದು ಹಳೆಯ ಜಾಮ್ ಬಾಟಲಿಯಿಂದ. ಬೇರೆ ದಂಡೆಯಿಂದ ಕೆಲಸ ನೋಡಲು ಬಂದ ಹೆಂಗಸೊಬ್ಬಳು ತನ್ನ ಮನೆಯ ಒಣ ದಗಾ ತಂದಿದ್ದಾಳೆ. ಸಿಕುಧಾನಿ ಅದರಲ್ಲೊಂದು ಹಿಡಿಯನ್ನು ನೀರು ತುಂಬಿದ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಕುಲುಕಿ, ಕಲ್ಲಿನ ಮೇಲೆ ಇಡುತ್ತಾರೆ. ಎಲ್ಲರೂ ಸುಮ್ಮನೆ ಕಾಯುತ್ತಾರೆ. ಮೀನು ತೇಲುತ್ತದೆ, ಬಾಟಲಿಯ ತಳದಲ್ಲಿ ಅರ್ಧ ಬೆರಳಿನಷ್ಟು ಮರಳು ನಿಲ್ಲುತ್ತದೆ.

"ಇದನ್ನ ಯಾರು ತಿನ್ನೋದು?"

"ಗಿರಾಕಿ."

"ಅವನ ಹಲ್ಲು ಕಿರ್ ಅಂದಾಗ ಯಾರ ಹೆಸರು ಹಿಡಿದು ಬೈತಾನೆ?"

"...ನಂದು."

"ಪರವಾಗಿಲ್ಲ, ಹೆಸರಾದ್ರೂ ಊರೆಲ್ಲ ಓಡಾಡುತ್ತಲ್ಲ," ಎನ್ನುತ್ತಾರೆ ಪಕ್ಕದಲ್ಲಿ ಕುಳಿತ ಎಪ್ಪತ್ತರ ಚೌಸಿಕು ಅಜ್ಜಿ. ಅವರು ಗುಂಪಿನ ಅತಿ ಹಿರಿಯ ಸದಸ್ಯೆ, ಎಲ್ಲ ಮಾತಿಗೂ ಒಂದು ಕೊಕ್ಕೆ ಹಾಕುವವರು. ಹೆಂಗಸರೆಲ್ಲ ನಗುತ್ತಾರೆ. ಮೀನು ತಂದವಳೂ ನಗುತ್ತಾಳೆ.

ಮರಳಿಗೆ ಬದಲು ಸೊಂಟದೆತ್ತರದ ಮರದ ಚೌಕಟ್ಟು, ಅದರ ಮೇಲೆ ಬಿಗಿದ ಬಲೆ: ಇಷ್ಟೇ ಸಿಕುಧಾನಿಯ ಯಂತ್ರ. ಗಾಳಿ ಮೇಲಿನಿಂದಲೂ ಕೆಳಗಿನಿಂದಲೂ ಆಡುವುದರಿಂದ ಮೀನು ಒಂದೇ ದಿನದಲ್ಲಿ ಒಣಗುತ್ತದೆ. ಸೌದೆ ಬೇಡ, ಹೊಗೆ ಬೇಡ. ಬಿಸಿಲಿದ್ದಾಗ ಚೌಕಟ್ಟು ಹೊರಗೆ, ಮೋಡ ಕವಿದಾಗ ಮಾಡಿನ ಕೆಳಗೆ. ಗುಂಪಿನಲ್ಲಿ ನಲವತ್ತಮೂರು ಹೆಂಗಸರು, ತೊಂಬತ್ತು ಚೌಕಟ್ಟುಗಳು. ಬಿಸಿಲಿನ ದಿನ ಪ್ರತಿ ಚೌಕಟ್ಟಿನ ಮೀನನ್ನು ಎರಡು ಸಲ ಮಗುಚಬೇಕು. ಹುಣ್ಣಿಮೆಯ ಆಸುಪಾಸಿನ ಹತ್ತು ದಿನ ದೀಪಕ್ಕೆ ಮೀನು ಬರುವುದಿಲ್ಲವಾದ್ದರಿಂದ ದೋಣಿಗಳು ದಂಡೆಯಲ್ಲೇ ಇರುತ್ತವೆ. ಆ ಹತ್ತು ದಿನ ಸಿಕುಧಾನಿಗೆ ಪಾಠದ ದಿನಗಳು. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಒಂದೊಂದು ದಿನ ಆರೇಳು ಮೈಲಿ ನಡೆದು, ಬೇರೆ ದಂಡೆಗಳಿಗೆ ಹೋಗುತ್ತಾರೆ. ಇಲ್ಲವೇ ಆ ದಂಡೆಗಳವರೇ ಇಲ್ಲಿಗೆ ಬರುತ್ತಾರೆ.

ಸಿಕುಧಾನಿ ಎಂದರೆ ಸ್ವಾಹಿಲಿಯಲ್ಲಿ "ನಾನು ಎಣಿಸಿರಲಿಲ್ಲ". ತಾಯಿ ತನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಇವರನ್ನು ಹೆತ್ತು, ಸೂಲಗಿತ್ತಿಗೆ ಹೇಳಿದ ಮೊದಲ ಮಾತು ಅದಂತೆ. ಅದೇ ಹೆಸರಾಯಿತು. "ಆಮೇಲೆ ನನ್ನ ಬಾಳಲ್ಲಿ ಆಗಿದ್ದೆಲ್ಲ ಹಾಗೇನೇ, ಎಣಿಸದೇ ಇದ್ದಿದ್ದು," ಎನ್ನುತ್ತಾರೆ. ಗಂಡ ಮೀನುಗಾರ. ಹದಿನಾರು ವರ್ಷಗಳ ಹಿಂದೆ ಸರೋವರದ ಆಚೆ ದಡದ ಕಾಂಗೋಗೆ ಹೋದವರು ಅಲ್ಲೇ ಇನ್ನೊಂದು ಸಂಸಾರ ಹೂಡಿದರು. "ಹೊಸ ಬಲೆ ತರ್ತೀನಿ ಅಂತ ಹೋದ. ತಾನೇ ಬಲೆಗೆ ಬಿದ್ದ. ಹಳೇ ಬಲೆ ಮನೇಲೇ ಬಿಟ್ಟು ಹೋಗಿದ್ನಲ್ಲ, ಮಂಚದ ಚೌಕಟ್ಟಿಗೆ ಅದನ್ನೇ ಬಿಗಿದು ಮೀನು ಒಣಗಿಸಿದೆ. ಅದು ನನ್ನ ಮೊದಲ ಚೌಕಟ್ಟು. ಮಂಚ ಹೇಗೂ ಖಾಲಿ ಇತ್ತು."

ಮಂಚದ ಮೇಲೆ ಒಣಗಿದ ಮರಳಿಲ್ಲದ ದಗಾ ಪಟ್ಟಣದ ಅನ್ನ ಮಾರುವ ಹೆಂಗಸರ ಬಾಯಿಂದ ಬಾಯಿಗೆ ಸುದ್ದಿಯಾಯಿತು. ಅಕ್ಕಪಕ್ಕದವರು ಕಲಿಯಲು ಬಂದರು. ಐದು ವರ್ಷಗಳ ಹಿಂದೆ, ಹೊರದೇಶದ ನೆರವಿನಿಂದ ನಡೆಯುವ ಸಂಸ್ಥೆಯೊಂದು ಇವರನ್ನು ಕಂಡುಹಿಡಿದು ತರಬೇತುದಾರಳೆಂದು ನೇಮಿಸಿತು. ಒಂದು ಗುರುತಿನ ಚೀಟಿ, ತಿಂಗಳಿಗೆ ಸಣ್ಣ ಭತ್ಯೆ, ಸ್ವಾಹಿಲಿಗೆ ಅನುವಾದಗೊಂಡ ಒಂದು ಪುಸ್ತಕ ಕೊಟ್ಟಿತು. ಪುಸ್ತಕದಲ್ಲಿ ಹದಿನಾಲ್ಕು ಪಾಠಗಳಿವೆ. ಅವುಗಳಲ್ಲಿ ಹದಿಮೂರು ಒಳ್ಳೆಯವು ಎಂದು ಸಿಕುಧಾನಿ ಇಂದಿಗೂ ಹೇಳುತ್ತಾರೆ. ಏಳನೆಯದು ಹೀಗಿದೆ: "ಅಳತೆಗಿಂತ ಹೆಚ್ಚು ಕೊಡಬೇಡಿ. ಹೆಚ್ಚುವರಿ ಎಂದರೆ ನಷ್ಟ."

ಇಲ್ಲಿ ಆ ಹೆಚ್ಚುವರಿಗೆ ನ್ಯೊಂಗೆಜಾ ಎನ್ನುತ್ತಾರೆ. ನಮ್ಮ ಕೊಸರೇ ಅದು. ಡಬ್ಬಿಯಲ್ಲಿ ದಗಾ ಅಳೆದು ಚೀಲಕ್ಕೆ ಸುರಿದ ಮೇಲೆ ಗಿರಾಕಿ ಚೀಲದ ಬಾಯಿ ಮುಚ್ಚದೆ ಹಾಗೇ ಹಿಡಿದುಕೊಂಡು ನಿಲ್ಲುತ್ತಾನೆ. ಬಾಯಿ ಬಿಟ್ಟು ಏನೂ ಕೇಳುವುದಿಲ್ಲ. ಮಾರುವವಳು ಇನ್ನೊಂದು ಚಿಟಿಕೆ ಹಾಕುತ್ತಾಳೆ. ಆಮೇಲೆಯೇ ವ್ಯಾಪಾರ ಮುಗಿದಂತೆ. ತೆರೆದ ಚೀಲಕ್ಕೆ ಕೊಸರು ಹಾಕದಿದ್ದರೆ ಈ ದಂಡೆಯಲ್ಲಿ ಅದಕ್ಕೆ ಒಂದೇ ಅರ್ಥ: ಇನ್ನು ನನ್ನ ಹತ್ತಿರ ಬರಬೇಡ. ಜಗಳವಾಡಿ ಮಾತು ಬಿಟ್ಟವರಿಗೆ ಮಾತ್ರ ಹಾಗೆ ಮಾಡುತ್ತಾರೆ.

ಇದನ್ನು ಹಾಲಿನ ಜೊತೆ ಕುಡಿದು ಬೆಳೆದ ಸಿಕುಧಾನಿ, ನೇಮಕವಾದ ಮೊದಲ ವರ್ಷ, ಏಳನೆಯ ಪಾಠವನ್ನು ಪುಸ್ತಕದಲ್ಲಿದ್ದಂತೆಯೇ ಹೇಳಿಕೊಟ್ಟರು. "ಅಚ್ಚಾಗಿತ್ತಲ್ಲ," ಎನ್ನುತ್ತಾರೆ. "ಅಚ್ಚಾಗಿದ್ದು ತಪ್ಪಿರುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ."

ಗುಡ್ಡದಾಚೆಯ ಬುಹಾಜಿ ದಂಡೆಯಲ್ಲಿ ಆ ವರ್ಷ ಇಪ್ಪತ್ತೆರಡು ಹೆಂಗಸರು ಪಾಠ ಕೇಳಿದರು. ಮೊದಲ ವಾರ ಎಲ್ಲರೂ ಕೊಸರು ನಿಲ್ಲಿಸಿದರು. ಗಿರಾಕಿಗಳ ಮುಖ ನೋಡಿ ಎರಡನೆಯ ವಾರ ಹೆಚ್ಚಿನವರು ಕದ್ದು ಕದ್ದು ಶುರುಮಾಡಿದರು. ತಾಬು ಎಂಬ ಹೆಂಗಸು ಮಾತ್ರ ಮಾಡಲಿಲ್ಲ. ಇಪ್ಪತ್ತೆರಡು ಜನರಲ್ಲಿ ಎಲ್ಲ ಪಾಠವನ್ನೂ ಬಾಯಿಪಾಠ ಒಪ್ಪಿಸಬಲ್ಲವಳು ಅವಳೊಬ್ಬಳೇ. ರಟ್ಟಿನ ಮೇಲೆ "ಕೊಸರು ಇಲ್ಲ" ಎಂದು ಚೆಂದದ ಅಕ್ಷರದಲ್ಲಿ ಬರೆದು ಅಂಗಡಿಯ ಮುಂದೆ ನೇತುಹಾಕಿದಳು. ಸಿಕುಧಾನಿ ಮೇಷ್ಟ್ರು ಹೇಳಿದ್ದಾರೆ ಎಂದು ಮೂರು ತಿಂಗಳು ಆ ರಟ್ಟನ್ನು ಇಳಿಸಲಿಲ್ಲ. ಇಳಿಸುವಷ್ಟರಲ್ಲಿ ಅವಳ ಗಿರಾಕಿಗಳೆಲ್ಲ ಬೇರೆಯವರ ಗಿರಾಕಿಗಳಾಗಿದ್ದರು. ಈಗ ತಾಬು ಪಟ್ಟಣದ ದಾರಿಯಲ್ಲಿರುವ ಕ್ವಾರಿಯಲ್ಲಿ ಜಲ್ಲಿ ಒಡೆಯುತ್ತಾಳೆ. ಎದುರಾದವರ ಮನೆಯ ಆಡುಕುರಿಗಳ ಕ್ಷೇಮವನ್ನೂ ವಿಚಾರಿಸದೆ ಮುಂದೆ ಹೋಗದ ಈ ಊರಿನಲ್ಲಿ ಅವಳು ಸಿಕುಧಾನಿಯನ್ನು ಕಂಡರೆ ದಾರಿಯ ಆಚೆ ಬದಿಗೆ ಸರಿಯುತ್ತಾಳೆ. ನಾಲ್ಕು ವರ್ಷವಾಯಿತು.

"ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಅವಳೇ. ಅದೇ ಅವಳು ಮಾಡಿದ ತಪ್ಪು," ಎನ್ನುವಾಗ ಸಿಕುಧಾನಿ ಮೀನು ಮಗುಚುವುದನ್ನು ನಿಲ್ಲಿಸುತ್ತಾರೆ. "ಅಲ್ಲ, ಅದು ನನ್ನ ತಪ್ಪು. ಅವಳು ನನ್ನನ್ನ ನಂಬಿದ್ಲು, ಅಷ್ಟೇ."

ಆಮೇಲೆ ಅವರು ಮಾಡಿದ್ದನ್ನು ಕಲಿಯಲು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರ್ ಬೇಕು. ಒಂದೇ ಚೌಕಟ್ಟಿನ ಮೀನನ್ನು ಹನ್ನೆರಡು ಹೆಂಗಸರಿಗೆ ಹಂಚಿ ಪಟ್ಟಣದ ಮಾರ್ಕೆಟ್ಟಿಗೆ ಕಳಿಸಿದರು. ಆರು ಜನ ಕೊಸರು ಹಾಕಬೇಕು, ಆರು ಜನ ಹಾಕಬಾರದು. ಬಂದ ಗಿರಾಕಿಯೇ ಮತ್ತೆ ಬಂದರೆ ಆ ಗುಂಪಿನ ಡಬ್ಬಿಗೆ ಒಂದು ಹುರುಳಿಕಾಯಿ ಬೀಜ. ತಿಂಗಳ ಕೊನೆಗೆ ಕೊಸರಿನ ಡಬ್ಬಿಯಲ್ಲಿ ನೂರ ಎಂಬತ್ತೇಳು ಬೀಜ, ಇನ್ನೊಂದರಲ್ಲಿ ಅರವತ್ತನಾಲ್ಕು. ಆಗ ಚೌಸಿಕು ಅಜ್ಜಿ ಕೊಕ್ಕೆ ಹಾಕಿದರು: "ಈ ಆರು ಜನ ಮೊದಲೇ ಬಾಯಿಗೆ ಬೆಲ್ಲ ಸವರಿಕೊಂಡೋರು. ಗಿರಾಕಿ ಬಂದಿದ್ದು ಮಾತಿಗೆ, ಮೀನಿಗಲ್ಲ." ಸಿಕುಧಾನಿ ಮರುಮಾತಾಡದೆ ಮುಂದಿನ ತಿಂಗಳು ಗುಂಪುಗಳನ್ನು ಅದಲುಬದಲು ಮಾಡಿದರು. ಈ ಸಲ ಕೊಸರಿನ ಡಬ್ಬಿಯಲ್ಲಿ ನೂರ ಎಪ್ಪತ್ತೊಂದು, ಇನ್ನೊಂದರಲ್ಲಿ ಎಪ್ಪತ್ತೊಂಬತ್ತು. ಈ ಪ್ರಯೋಗದಲ್ಲಿ ಹುಳುಕು ಹುಡುಕಬಹುದು, ಹುಡುಕಿದ್ದೇನೆ. ಯಾರು ಯಾವ ಗುಂಪು ಎಂದು ಗಿರಾಕಿಗಳಿಗೆ ಗೊತ್ತಿತ್ತು. ಒಂದೆರಡು ಬೀಜ ಅತ್ತಿತ್ತ ಆಗಿರಲೂಬಹುದು. ಆದರೆ ಉತ್ತರ ಎತ್ತ ಬಾಗಿದೆ ಎಂಬುದರಲ್ಲಿ ಸಂದೇಹವಿಲ್ಲ.

ಅಲ್ಲಿಗೇ ಅವರು ಬಿಡಲಿಲ್ಲ. ಕೊಸರನ್ನೂ ಅಳತೆಗೆ ತಂದರು. ಮುಷ್ಟಿ ತುಂಬ ಅಲ್ಲ, ಮೂರು ಬೆರಳು ಹಿಡಿದಷ್ಟು. ಮೂವತ್ತಮೂರು ಡಬ್ಬಿ ಮಾರಿದರೆ ಒಂದು ಡಬ್ಬಿ ಕೊಸರಿಗೆ, ಅದನ್ನು ಬೆಳಿಗ್ಗೆಯೇ ಬೇರೆ ತೆಗೆದಿಡಬೇಕು. ಈ ಮೂರು ಬೆರಳಿನ ಹಿಡಿಯನ್ನು ಈಗ ನಾನು ಊರಿನ ಶಾಲೆಯ ತಕ್ಕಡಿಯಲ್ಲಿ ಇಪ್ಪತ್ತು ಸಲ ತೂಗಿ ನೋಡಿದರೆ ಸರಾಸರಿ ಹನ್ನೆರಡು ಗ್ರಾಂ. ಡಬ್ಬಿಗೆ ನಾನೂರು ಗ್ರಾಂ. ನೂರಕ್ಕೆ ಮೂರು. ಸಿಕುಧಾನಿಯ ಲೆಕ್ಕ ತಕ್ಕಡಿಗಿಂತ ಮೂರು ವರ್ಷ ಮುಂಚಿನದು.

ಈ ಮೂರು ವರ್ಷ ಏಳನೆಯ ಪಾಠ ಏನಾಯಿತೆಂದು ಯಾರೂ ಕೇಳಲಿಲ್ಲ. ಈ ವರ್ಷ ಸಂಸ್ಥೆ ಮಳೆಗಾಲಕ್ಕೆ ಮುಂಚೆ ಒಂದು ಒಣಗುಮನೆಗೆ ಮೂವತ್ತಾರು ಹೊಸ ತಗಡು ಕೊಡುವುದಾಗಿ ಹೇಳಿತು. ಪುಸ್ತಕದಂತೆ ಪಾಠ ನಡೆಯುತ್ತಿದೆಯೇ ಎಂದು ಒಬ್ಬರು ಬಂದು ನೋಡಬೇಕು, ಅಷ್ಟೇ. ಮಳೆಗಾಲದಲ್ಲಿ ಮಾಡು ಇಲ್ಲದಿದ್ದರೆ ತೊಂಬತ್ತು ಚೌಕಟ್ಟೂ ವ್ಯರ್ಥ. ನಲವತ್ತಮೂರು ಮನೆಗಳ ಒಲೆ ಆ ತಗಡಿನ ಮೇಲೆ ನಿಂತಿತ್ತು.

ಬಂದವರು ಫ್ಯಾನುವೆಲ್, ಮೂವತ್ತೆರಡರ ಅಧಿಕಾರಿ. ಮೀನು ತುಂಬಿದ ಚೌಕಟ್ಟುಗಳ ಫೋಟೋ ತೆಗೆಯಬೇಕೆಂದು ಬಂದಿದ್ದರು. ಬಂದದ್ದು ಹುಣ್ಣಿಮೆಯ ದಿನ. ಚೌಕಟ್ಟುಗಳು ಬೋಳಾಗಿದ್ದವು. ಮರಳಿನಲ್ಲಿ ಹೂತ ಬೂಟನ್ನು ಕೀಳುವ ಗಡಿಬಿಡಿಯಲ್ಲಿ ಹಿರಿಯರಿಗೆ ಹೇಳಬೇಕಾದ "ಶಿಕಮೋ" ಎಂಬ ನಮಸ್ಕಾರವೂ ಮರೆತುಹೋಯಿತು.

"ಮೀನೆಲ್ಲಿ?" ಎಂದರು.

"ಕೆರೇಲಿ," ಎಂದರು ಚೌಸಿಕು ಅಜ್ಜಿ. "ಚಂದ್ರನ್ನ ಒಂದು ಮಾತು ಕೇಳ್ಕೊಂಡು ಬರೋದಲ್ವಾ ಮಗನೇ? ನಮಸ್ಕಾರಾನೂ ಅವನ ಹತ್ರಾನೇ ಬಿಟ್ಟು ಬಂದ್ಯಾ?"

ಫ್ಯಾನುವೆಲ್ ನಾಚಿ, ಅಜ್ಜಿಗೂ ಸಿಕುಧಾನಿಗೂ ಬಗ್ಗಿ ಶಿಕಮೋ ಹೇಳಿದರು. ಅವರು ಕೆಟ್ಟವರಲ್ಲ. ಅದನ್ನು ಎಲ್ಲರಿಗಿಂತ ಮೊದಲು ಸಿಕುಧಾನಿಯೇ ಹೇಳುತ್ತಾರೆ. ಆ ದಿನ ಬೇರೆ ದಂಡೆಯಿಂದ ಬಂದ ಹನ್ನೆರಡು ಹೊಸ ಹೆಂಗಸರು ಚಾಪೆಯ ಮೇಲೆ ಕುಳಿತಿದ್ದರು. ಫ್ಯಾನುವೆಲ್ ಏಳನೆಯ ಪಾಠ ನೋಡಬೇಕೆಂದರು. ಸಿಕುಧಾನಿ ಮೂರು ಬೆರಳು ಎತ್ತಿ ಕೊಸರಿನ ಅಳತೆ ತೋರಿಸಲು ಶುರುಮಾಡಿದರು. ಅಧಿಕಾರಿಯ ಪೆನ್ನು ನಿಂತಿತು.

"ಅಮ್ಮಾ, ಪುಸ್ತಕದಲ್ಲಿ ಹೀಗಿಲ್ಲ."

"ನಿಮ್ಮಮ್ಮ ಟೊಮೇಟೊ ಎಲ್ಲಿ ತಗೋತಾರೆ?"

"ಅದ್ಯಾಕೆ?"

"ಹೇಳಪ್ಪ."

"ಮಾರ್ಕೆಟ್ಟಲ್ಲಿ ಒಬ್ಬಳಿದ್ದಾಳೆ, ಅವಳ ಹತ್ರಾನೇ."

"ಯಾಕೆ ಅವಳ ಹತ್ರಾನೇ?"

ಫ್ಯಾನುವೆಲ್ ಹಾಳೆ ನೋಡಿದರು, ಸರೋವರ ನೋಡಿದರು. "ಒಂದು ಟೊಮೇಟೊ ಜಾಸ್ತಿ ಹಾಕ್ತಾಳೆ," ಎಂದರು ಕೊನೆಗೆ. ಹೆಂಗಸರ ನಗು ದಂಡೆಯುದ್ದಕ್ಕೂ ಹೋಯಿತು.

ಆಮೇಲೆ ಅವರು ಸಿಕುಧಾನಿಯನ್ನು ಪಕ್ಕಕ್ಕೆ ಕರೆದರು. "ಅಮ್ಮಾ, ನನಗೂ ಗೊತ್ತಾಗುತ್ತೆ. ಆದ್ರೆ ಈ ಫಾರಂನಲ್ಲಿ ಇದಕ್ಕೆ ಜಾಗ ಇಲ್ಲ. ಇವತ್ತೊಂದಿನ ಪುಸ್ತಕದಲ್ಲಿರೋದನ್ನ ಓದಿಬಿಡಿ. ನಾನು ಗುರುತು ಹಾಕ್ತೀನಿ, ತಗಡು ಬರುತ್ತೆ. ನಾಳೆಯಿಂದ ನಿಮಗೆ ಹೇಗೆ ಬೇಕೋ ಹಾಗೆ."

ಗುಟ್ಟಿನ ಮಾತು ದಂಡೆಯ ಗಾಳಿಯಲ್ಲಿ ಉಳಿಯುವುದಿಲ್ಲ. "ಹೇಳಿಬಿಡೇ," ಎಂದರು ಚೌಸಿಕು ಅಜ್ಜಿ. "ಬಾಯಲ್ಲಿ ಒಂದು ಸಾಲು. ನಿನ್ನ ನಾಲಿಗೆಗೇನು ಮೂಲವ್ಯಾಧಿನಾ? ಮೂವತ್ತಾರು ತಗಡು ಕಣೇ!" ಗುಂಪಿನ ಇತರರೂ ಅದನ್ನೇ ಹೇಳಿದರು. ಕೆಲವರು ಕೈ ಮುಗಿದರು.

ಸಿಕುಧಾನಿ ಚಾಪೆಯತ್ತ ಕೈ ತೋರಿಸಿದರು. "ನಮಗೆ ಇದು ಬಾಯಿಮಾತು. ಈ ಹನ್ನೆರಡು ಜನಕ್ಕೆ ಪಾಠ. ಇವತ್ತು ಕೇಳಿ ನಾಳೆ ಮನೆಗೆ ಹೋಗ್ತಾರೆ. ಇವರಲ್ಲಿ ಹನ್ನೊಂದು ಜನ ನನ್ನ ಮಾತು ಕೇಳಲ್ಲ, ನನಗೆ ಗೊತ್ತು. ಒಬ್ಬಳು ಕೇಳ್ತಾಳೆ. ಅವಳು ರಟ್ಟು ಬರೀತಾಳೆ." ಅಧಿಕಾರಿಯತ್ತ ತಿರುಗಿ ಹೇಳಿದರು: "ಜಾಗ ಇಲ್ದೇ ಇದ್ರೆ ಹಾಳೆ ಅಂಚಲ್ಲಿ ಬರಿ ಮಗನೇ. ಸಿಕುಧಾನಿ ಒಪ್ಪಲಿಲ್ಲ ಅಂತ ಬರಿ. ಕಾಗುಣಿತ ತಪ್ಪದೇ ಬರಿ."

ಮತ್ತೆ ಹೋಗಿ ಚಾಪೆಯ ಮುಂದೆ ನಿಂತು, ಮೂರು ಬೆರಳು ಎತ್ತಿದರು.

ಸೆಪ್ಟೆಂಬರಿನಲ್ಲಿ ಪತ್ರ ಬಂತು. ತಗಡು ಬೇರೆ ದಂಡೆಗೆ. ತರಬೇತುದಾರಳ ಗುರುತಿನ ಚೀಟಿಯನ್ನು ಹಿಂದಿರುಗಿಸಬೇಕು. ಭತ್ಯೆಯೂ ನಿಂತಿತು. ಎರಡು ವಾರ ಗುಂಪಿನಲ್ಲಿ ಅರ್ಧದಷ್ಟು ಜನ ಸಿಕುಧಾನಿಯೊಡನೆ ಸರಿಯಾಗಿ ಮಾತಾಡಲಿಲ್ಲ. ಅವರ ಸಿಟ್ಟಿಗೆ ಕಾರಣವಿತ್ತು. ಮೋಡ ದಿನಾ ಸರೋವರದ ಮೇಲೆ ಬಂದು ಕೂರುತ್ತಿತ್ತು. ಎಲ್ಲರಿಗಿಂತ ಹೆಚ್ಚು ಬೈದವರು ಚೌಸಿಕು ಅಜ್ಜಿ. ಮೂರನೆಯ ವಾರ ಪಟ್ಟಣಕ್ಕೆ ಹೋಗಿ, ಹಾರ್ಡ್‌ವೇರ್ ಅಂಗಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತವರೂ ಅವರೇ.

"ಎಷ್ಟು ವರ್ಷದಿಂದ ನನ್ನ ಕೊಸರು ತಿಂತಿದ್ದೀಯ?" ಎಂದು ಅಂಗಡಿಯವನನ್ನು ಕೇಳಿದರು.

"ಎಂಟೊಂಬತ್ತು ವರ್ಷ ಆಗಿರಬೇಕು ಅಜ್ಜಿ. ಯಾಕೆ?"

"ಒಂದು ತಗಡು ಕೊಡು. ಬಾಗಿದ್ದಾದ್ರೂ ಸರಿ. ನೀನೇನೂ ಬಾಗಬೇಕಾಗಿಲ್ಲ."

ಅಲ್ಲಿಂದ ರೈಲು ನಿಲ್ದಾಣದ ಹಮಾಲರ ಹತ್ತಿರ, ಅನ್ನ ಮಾರುವ ಹೆಂಗಸರ ಹತ್ತಿರ, ಮಸೀದಿಯ ಪಕ್ಕದ ದರ್ಜಿಯ ಹತ್ತಿರ ಹೋದರು. ಇದನ್ನು ಪವಾಡ ಎಂದು ಬರೆಯುವಂತಿಲ್ಲ. ಬೇಕಿದ್ದದ್ದು ಮೂವತ್ತಾರು, ಸಿಕ್ಕಿದ್ದು ಹನ್ನೊಂದು. ಅದರಲ್ಲಿ ಮೂರು ಹೊಸವು, ಎಂಟು ಹಳೆಯವು, ಮೊಳೆ ತೂತು ಬಿದ್ದವು. ಉಳಿದ ಭಾಗಕ್ಕೆ ಹೆಂಗಸರೇ ತಾಳೆಗರಿ ಹೆಣೆದು ಹೊದಿಸಿದರು. ಮಳೆ ಹಿಡಿದು ಈಗ ಮೂರು ವಾರ. ಎರಡು ಕಡೆ ಸೋರುತ್ತದೆ, ಅದರಡಿ ಬಕೆಟ್ ಇಟ್ಟಿದ್ದಾರೆ. ಇದುವರೆಗೆ ಕೊಳೆತದ್ದು ಏಳು ಚೌಕಟ್ಟಿನ ಮೀನು. ಹೋದ ವರ್ಷ ಇದೇ ಮೂರು ವಾರದಲ್ಲಿ ಕೊಳೆತದ್ದು ನಲವತ್ತು.

ಭತ್ಯೆಯಿಲ್ಲದಿದ್ದರೂ ಪಾಠ ನಿಂತಿಲ್ಲ. ಸಂಸ್ಥೆಯವರು ಪುಸ್ತಕ ಹೇಳಿಕೊಡಲು ಕಾಲೇಜು ಓದಿದ ಬೇರೊಬ್ಬರನ್ನು ಕಳಿಸಿದರು. ಹೆಂಗಸರು ಅವರಿಗೆ ಚಹಾ ಕೊಟ್ಟು, ಕ್ಷೇಮ ವಿಚಾರಿಸಿ, ಪಾಠ ಕೇಳಲು ಸಿಕುಧಾನಿಯ ಚಾಪೆಗೆ ಹೋದರು. ಕಳೆದ ಹುಣ್ಣಿಮೆಗೆ ಹತ್ತೊಂಬತ್ತು ಹೊಸ ಹೆಸರುಗಳು ಸೇರಿವೆ.

"ನನಗೇನೂ ಚೀಟಿ ವಾಪಸ್ ಬೇಡ," ಎನ್ನುತ್ತಾರೆ ಸಿಕುಧಾನಿ. "ಆ ಏಳನೇ ಪಾಠ ತಿದ್ದಿ ಅಚ್ಚು ಹಾಕಿದ್ರೆ ಸಾಕು. ನನ್ನ ಹೆಸರೂ ಬೇಡ. ಮೂರು ಬೆರಳಿನ ಚಿತ್ರ ಹಾಕಲಿ."

ಅದು ಅಚ್ಚಾಗುವವರೆಗೆ ಹಳೆಯ ಪುಸ್ತಕವೂ ಕೆಲಸಕ್ಕೆ ಬರುತ್ತಿದೆ. ಫ್ಯಾನುವೆಲ್ ಹೊಸಬರಿಗೆ ಹಂಚಲೆಂದು ನಲವತ್ತು ಪ್ರತಿ ಬಿಟ್ಟುಹೋಗಿದ್ದರು. ಹೆಂಗಸರು ಹದಿಮೂರು ಪಾಠಗಳನ್ನು ಹಾಗೇ ಇಟ್ಟುಕೊಂಡು, ಏಳನೆಯದರ ಹಾಳೆಗಳನ್ನು ಮಾತ್ರ ಜೋಪಾನವಾಗಿ ಬಿಡಿಸಿಕೊಂಡಿದ್ದಾರೆ. ಹಾಳೆಯನ್ನು ಸುತ್ತಿ, ತುದಿ ಮಡಿಸಿದರೆ ಒಂದು ಪೊಟ್ಟಣ. ಅದರೊಳಗೆ ಮೂರು ಬೆರಳು ಹಿಡಿದಷ್ಟು ದಗಾ. ಪಟ್ಟಣದಲ್ಲಿ ಈಗ ಕಲೆಂಗೆಯ ಗಿರಾಕಿಗಳು ಕೊಸರಿನ ಪೊಟ್ಟಣ ಬಿಚ್ಚಿದಾಗ, ಮೀನಿನಡಿ ದಪ್ಪ ಅಕ್ಷರದ ಸಾಲು ಓದುತ್ತಾರೆ: ಹೆಚ್ಚುವರಿ ಎಂದರೆ ನಷ್ಟ.

ಬಿಸಿಲು ಏರುತ್ತಿದೆ. ಮೊದಲ ಸಾಲಿನ ಚೌಕಟ್ಟುಗಳು ಹೊರಗೆ ಬಂದಿವೆ. ಚೌಸಿಕು ಅಜ್ಜಿ ಬುಟ್ಟಿ ಹೊತ್ತು ಪಟ್ಟಣಕ್ಕೆ ಹೊರಟಿದ್ದಾರೆ. ಸಿಕುಧಾನಿ ಒಂದು ಪೊಟ್ಟಣವನ್ನು ಬೇರೆಯಾಗಿ ತಂದು ಅವರ ಕೈಗೆ ಕೊಡುತ್ತಾರೆ. ತಾಬುವಿಗೆಂದು ಕ್ವಾರಿಗೆ ಹೋಗುವ ಪೊಟ್ಟಣ ಅದು, ಇದು ನಾಲ್ಕನೆಯ ವಾರ.

"ಹೋದ ಸಲ ತಗೊಂಡ್ಲಾ?"

"ತಗೊಂಡ್ಲು. ಮಾತಾಡ್ಲಿಲ್ಲ."

"ಬಿಸಾಕ್ಲಿಲ್ಲ ತಾನೇ?"

"ತಿಂದ್ಲು. ಕಾಗದ ಬಿಡಿಸಿ ಓದಿದ್ಲು. ನಕ್ಕಳೋ, ಕಲ್ಲಿನ ಧೂಳಿಗೆ ಕೆಮ್ಮಿದ್ಲೋ, ನನ್ನ ಕಣ್ಣಿಗೆ ಕಾಣಿಸ್ಲಿಲ್ಲ." ಅಜ್ಜಿ ಎರಡು ಹೆಜ್ಜೆ ಹೋಗಿ ತಿರುಗುತ್ತಾರೆ. "ಆದ್ರೆ ಒಂದು ಮಾತು ಹೇಳು ಕಣೇ. ಏನಾದ್ರೂ ಕೊಂಡ್ಕೊಂಡೋರಿಗೆ ಕೊಸರು. ಅವಳು ನಿನ್ನ ಹತ್ರ ಏನು ಕೊಂಡಿದ್ಲು? ಕೇಳಿದ್ರೆ ಏನಂತ ಹೇಳ್ಲಿ?"

ಸಿಕುಧಾನಿ ಮೀನು ಮಗುಚುತ್ತಲೇ ಉತ್ತರಿಸುತ್ತಾರೆ, ತಲೆ ಎತ್ತುವುದಿಲ್ಲ.

"ನನ್ನ ತಪ್ಪು ಪಾಠ ಕೊಂಡಿದ್ಲಲ್ಲ, ಅದಕ್ಕೆ ಅನ್ನು. ಅವಳು ಚೀಲದ ಬಾಯಿ ಮುಚ್ಚೋವರೆಗೂ ಹಾಕ್ತಾನೇ ಇರ್ತೀನಿ ಅನ್ನು."